ಮೂರು ವಾರ ಕದಲದ ಗಾಯ: ಸಕಲೇಶಪುರದ ಒಂದು ಪ್ರಕರಣ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಸಣ್ಣ ಬೆಳೆಗಾರರು. ವಯಸ್ಸು 56, ತೂಕ ಸುಮಾರು 60 ಕೆಜಿ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ನೆನಪಾದಾಗ ನುಂಗುತ್ತಾರೆ. ಬೀಡಿ ಸೇದುತ್ತಾರೆ. ಎಡ ಕಣಕಾಲಿನ ಮುಂಭಾಗದಲ್ಲಿ ತೆರೆದ ಗಾಯ. ಆಗಿ ಮೂರು ವಾರ ಕಳೆದಿದೆ, ಅಳತೆ ಮಾತ್ರ ಮೊದಲಿದ್ದಷ್ಟೇ ಇದೆ. ನಾನು ಡ್ರೆಸ್ಸಿಂಗ್ ಮಾಡುವ ಕ್ಲಿನಿಕ್ಕಿಗೆ ಅವರು ಬಂದಾಗಿನ ಸ್ಥಿತಿ ಇಷ್ಟು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ, ಅವರ ಮನೆಯವರು ಕರೆಯುವುದೂ ಹಾಗೇ.

ಬಂದು ಕೂತವರು ಕೇಳಿದ್ದು ಒಂದೇ ಪ್ರಶ್ನೆ. "ಸಿಸ್ಟರ್, ಇದಕ್ಕೆ ಒಳ್ಳೆ ಆಯಿಂಟ್‌ಮೆಂಟ್ ಯಾವುದು?"

ಮಾಯದ ಗಾಯ ಇಟ್ಟುಕೊಂಡು ಬರುವವರೆಲ್ಲ ಕೇಳುವುದು ಇದನ್ನೇ. ಈ ಪ್ರಕರಣವನ್ನು ಬರೆಯುತ್ತಿರುವುದೂ ಅದಕ್ಕೇ. ಇದರಲ್ಲಿ ಮುಲಾಮು ಮಾಡಿದ ಕೆಲಸ ತೀರಾ ಕಡಿಮೆ. ಗಾಯ ಮುಚ್ಚುವುದು ಮೈಯೇ. ಏನೇನು ಅದಕ್ಕೆ ಅಡ್ಡ ಬರುತ್ತಿದೆ ಅಂತ ಹುಡುಕಿ ತೆಗೆಯುವುದರಲ್ಲೇ ನಮ್ಮ ತಿಂಗಳುಗಳು ಹೋದವು.

ಪೆಟ್ಟು ಬಿದ್ದದ್ದು

ಫೆಬ್ರವರಿ ಕೊನೆ, ಕಾಳುಮೆಣಸಿನ ಕೊಯ್ಲು. ಸಿಲ್ವರ್ ಮರಕ್ಕೆ ಒರಗಿಸಿದ ಬಿದಿರಿನ ಏಣಿಯಿಂದ ಇಳಿಯುವಾಗ ಕೆಳಗಿನ ಮೆಟ್ಟಿಲು ತಪ್ಪಿತು. ಕಡಿದು ಬಿಟ್ಟಿದ್ದ ಹಳೇ ಕಾಫಿ ಬೊಡ್ಡೆಗೆ ಕಾಲು ಉಜ್ಜಿಕೊಂಡು ಹೋಯಿತು. ಬೊಡ್ಡೆಯ ಚೂಪಿಗೆ ಚರ್ಮ ಸಿಕ್ಕಿ ಒಂದು ಪದರವಾಗಿ ಮೇಲಕ್ಕೆ ಎದ್ದು ಬಂತು. ಮೂಳೆ ಕಾಣಲಿಲ್ಲ.

ತೋಟದಲ್ಲಿದ್ದವರು ಓಡಿ ಬಂದು ಕಾಫಿಪುಡಿ ಮೆತ್ತಿ, ಟವೆಲ್ ಬಿಗಿಯಾಗಿ ಕಟ್ಟಿದರು. ರಕ್ತ ನಿಂತಿತು. ಇದರ ಹೆಸರು ಕಾಫಿಪುಡಿಗೆ ಹೋಗುತ್ತದೆ, ಆದರೆ ಕೆಲಸ ಮಾಡಿದ್ದು ಟವೆಲ್ಲಿನ ಒತ್ತಡ ಮತ್ತು ಅವರದೇ ರಕ್ತ. ನಾಳ ತುಂಡಾದ ಕೂಡಲೇ ಅದು ತಾನೇ ಸಂಕುಚಿತವಾಗುತ್ತದೆ. ಪ್ಲೇಟ್‌ಲೆಟ್‌ಗಳು ಬಾಯಿಗೆ ಬಂದು ಅಂಟಿಕೊಳ್ಳುತ್ತವೆ. ಅವುಗಳ ಸುತ್ತ ಫೈಬ್ರಿನ್ ಅನ್ನುವ ಪ್ರೋಟೀನಿನ ಎಳೆಗಳು ಹೆಣೆದುಕೊಂಡು ರಕ್ತ ಹೆಪ್ಪಾಗುತ್ತದೆ. ರಕ್ತ ನಿಲ್ಲಿಸುವ ಹೊತ್ತಿಗೇ ಪ್ಲೇಟ್‌ಲೆಟ್‌ಗಳು ಮುಂದಿನ ರಿಪೇರಿಗೆ ಬೇಕಾದ ಕೋಶಗಳನ್ನು ಕರೆಯುವ ರಾಸಾಯನಿಕಗಳನ್ನೂ ಬಿಡುಗಡೆ ಮಾಡಿರುತ್ತವೆ. ಅಂದರೆ ಗಾಯ ಮಾಯುವ ಕೆಲಸ ಶುರುವಾಗುವುದು ಮೊದಲ ನಿಮಿಷಗಳಲ್ಲೇ. ಕಾಫಿಪುಡಿ ಹಾಕಿದ್ದರಿಂದ ಆದದ್ದು ಒಂದೇ: ಮಾರನೇ ದಿನ ಡಾಕ್ಟರು ಅದನ್ನು ಒಂದೊಂದು ಕಾಳಾಗಿ ತೊಳೆದು ತೆಗೆಯಬೇಕಾಯಿತು.

ಆ ಡಾಕ್ಟರು ಹೊಲಿಗೆ ಹಾಕಲಿಲ್ಲ. ಮನೆಯವರಿಗೆ ಇದು ಇವತ್ತಿಗೂ ಅಸಮಾಧಾನ. "ಅವತ್ತೇ ನಾಲ್ಕು ಹೊಲಿಗೆ ಹಾಕಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಅಂತ ಯಜಮಾನರ ಹೆಂಡತಿ ನನ್ನ ಹತ್ತಿರವೂ ಕೇಳಿದ್ದಾರೆ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಹೆಚ್ಚು ಕಡಿಮೆ ಒಂದು ದಿನ ಕಳೆದಿತ್ತು. ಗಾಯಕ್ಕೆ ಮಣ್ಣು, ಮರದ ಚೂರು ಸೇರಿತ್ತು. ಎದ್ದಿದ್ದ ಚರ್ಮದ ಪದರ ಆಗಲೇ ಕಪ್ಪಾಗಿ ಸತ್ತಿತ್ತು, ಅದನ್ನು ಕತ್ತರಿಸಿ ತೆಗೆದ ಮೇಲೆ ಎರಡು ಅಂಚು ಎಳೆದು ಕೂಡಿಸಲು ಚರ್ಮವೇ ಉಳಿದಿರಲಿಲ್ಲ. ಕಣಕಾಲಿನ ಮುಂದೆ ಚರ್ಮ ಮೂಳೆಗೆ ಅಂಟಿದಂತೆ ಬಿಗಿಯಾಗಿರುತ್ತದೆ, ಎಳೆದರೆ ಬರುವುದಿಲ್ಲ. ಬಲವಂತವಾಗಿ ಮುಚ್ಚಿದ್ದರೆ ರೋಗಾಣುಗಳನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತಿತ್ತು. ಇಂಥ ಗಾಯ ತಳದಿಂದ ತುಂಬಿಕೊಂಡು ಮೇಲೆ ಬರಬೇಕು. ತಡವಾಗುತ್ತದೆ, ಆದರೆ ಅದೇ ದಾರಿ.

ಟೆಟನಸ್ ಇಂಜೆಕ್ಷನ್ ಕೊಟ್ಟರು, ಐದು ದಿನದ ಆ್ಯಂಟಿಬಯಾಟಿಕ್ ಬರೆದರು. ಮಣ್ಣು ಸೇರಿದ ಗಾಯವಾದರೆ, ಹಿಂದಿನ ಡೋಸ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಹಾಕಬೇಕು. ತೋಟದ ಕೆಲಸ ಮಾಡುವವರು ಇದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಮನೆಯಲ್ಲಿ ಕಳೆದ ಮೂರು ವಾರ

ಇಲ್ಲಿಂದ ದಾರಿ ತಪ್ಪಿತು. ಯಾರೂ ಕೆಟ್ಟದ್ದು ಮಾಡಲಿಲ್ಲ. ಎಲ್ಲರೂ ಒಳ್ಳೆಯದಾಗಲಿ ಅಂತಲೇ ಮಾಡಿದರು.

ಔಷಧಿ ಅಂಗಡಿಯಲ್ಲಿ ಕೇಳಿ ಹೈಡ್ರೋಜನ್ ಪೆರಾಕ್ಸೈಡ್ ತಂದರು. ದಿನಾ ಬೆಳಿಗ್ಗೆ ಸುರಿಯುವುದು, ನೊರೆ ಬಂದರೆ ರೋಗಾಣು ಸಾಯುತ್ತಿವೆ ಅಂತ ಸಮಾಧಾನ. ನೊರೆ ಬರುವುದು ಬೇರೆ ಕಾರಣಕ್ಕೆ. ನಮ್ಮ ರಕ್ತದಲ್ಲಿ, ಕೋಶಗಳಲ್ಲಿ ಕ್ಯಾಟಲೇಸ್ ಅನ್ನುವ ಕಿಣ್ವ ಇದೆ. ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಆಮ್ಲಜನಕದ ಗುಳ್ಳೆಯೇ ನೊರೆ. ರೋಗಾಣು ಒಂದೂ ಇಲ್ಲದ ಗಾಯದ ಮೇಲೆ ಹಾಕಿದರೂ ನೊರೆ ಬರುತ್ತದೆ. ದಿನಾ ಹಾಕುತ್ತಾ ಹೋದರೆ ಹೊಸದಾಗಿ ಹುಟ್ಟುತ್ತಿರುವ ಕೋಶಗಳಿಗೂ ಪೆಟ್ಟು ಬೀಳುತ್ತದೆ.

ಆಮೇಲೆ ಪೌಡರ್ ಉದುರಿಸಿ, ಮಧ್ಯಾಹ್ನದವರೆಗೆ ಗಾಳಿಗೆ ಬಿಡುವುದು. ಸಂಜೆ ಒಣ ಗಾಜ್ ಬಟ್ಟೆ ಇಟ್ಟು ಕಟ್ಟುವುದು. ಬೆಳಿಗ್ಗೆ ಅದು ಅಂಟಿಕೊಂಡಿರುತ್ತಿತ್ತು, ಎಳೆದು ಕೀಳುವುದು. ಆ ಬಟ್ಟೆಯ ಮೇಲೆ ರಕ್ತದ ಚುಕ್ಕೆಗಳು ಇರುತ್ತಿದ್ದವಂತೆ. ಆ ಚುಕ್ಕೆಗಳು ಹಿಂದಿನ ದಿನ ಹುಟ್ಟಿದ ಹೊಸ ರಕ್ತನಾಳಗಳದ್ದು.

ಗಾಳಿಗೆ ಬಿಟ್ಟರೆ ಬೇಗ ವಾಸಿ ಅನ್ನುವ ನಂಬಿಕೆ ನಮ್ಮೂರಿನದು ಮಾತ್ರ ಅಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವ ಸಂಶೋಧಕ ಇದನ್ನು ಪರೀಕ್ಷಿಸಿ ನೇಚರ್ ಪತ್ರಿಕೆಯಲ್ಲಿ ಬರೆದರು. ಎಳೆ ಹಂದಿಗಳ ಬೆನ್ನಿನ ಮೇಲೆ ಆಳವಿಲ್ಲದ ಸಣ್ಣ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವನ್ನು ತೆಳು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹಬ್ಬಿತು. ಕಾರಣ ಸರಳ. ಗಾಯದ ಅಂಚಿನ ಚರ್ಮದ ಕೋಶಗಳು ತೆವಳಿಕೊಂಡು ಮುಂದೆ ಸಾಗುತ್ತವೆ, ಅವಕ್ಕೆ ತೇವದ ನೆಲ ಬೇಕು. ಮೇಲೆ ಹಕ್ಕಳೆ ಗಟ್ಟಿಯಾಗಿದ್ದರೆ ಅದರ ಅಡಿಯಲ್ಲಿ ಕೊರೆದುಕೊಂಡು, ತೇವ ಇರುವ ಆಳಕ್ಕೆ ಇಳಿದು ಹೋಗಬೇಕು. ಯಜಮಾನರಿಗೆ ಇದನ್ನು ಹೇಳಿದಾಗ ಅವರೇ ಅಂದರು, "ಮೆಣಸಿನ ಬಳ್ಳಿ ಹಾಗೇ ಅಲ್ವಾ ಸಿಸ್ಟರ್, ತೊಗಟೆ ತೇವ ಇದ್ರೆ ಬೇರು ಕಚ್ಚುತ್ತೆ, ಒಣಗಿದ್ರೆ ಜಾರುತ್ತೆ." ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ತೇವ ಅಂದರೆ ನೆನೆಸಿಡುವುದು ಅಂತಲೂ ಅಲ್ಲ. ಗಾಯದ ಸುತ್ತಲಿನ ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗಿದ್ದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ.

ಇನ್ನು ಊಟ. ನನಗೆ ಕೋಪ ಬಂದದ್ದು ಇಲ್ಲಿ. ಗಾಯ ಅಂದ ಕೂಡಲೇ ನಂಜು ಅಂತ ಮೊಟ್ಟೆ ನಿಲ್ಲಿಸಿದರು, ಮೀನು ನಿಲ್ಲಿಸಿದರು, ಮಾಂಸ, ಬದನೆಕಾಯಿ, ಮೊಸರು, ಕಾಳು ಎಲ್ಲ ನಿಂತವು. ಉಳಿದದ್ದು ಗಂಜಿ, ಅಕ್ಕಿರೊಟ್ಟಿ, ತಿಳಿಸಾರು. ಬದನೆಕಾಯಿ ಬಿಟ್ಟರೆ ಬಿಡಲಿ, ನಷ್ಟವಿಲ್ಲ. ಆದರೆ ಗಾಯ ಇರುವವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುವ ಲೆಕ್ಕದಲ್ಲಿ ಇವರಿಗೆ 75ರಿಂದ 90 ಗ್ರಾಂ ಆಗುತ್ತದೆ. ಗಂಜಿ, ರೊಟ್ಟಿಯಲ್ಲಿ 30 ಗ್ರಾಂ ದಾಟುವುದೇ ಕಷ್ಟ. ಹೊಸ ಮಾಂಸ ಕಟ್ಟಲು ಕೂಲಿಯವರನ್ನು ಕರೆಸಿ, ಸಾಮಾನು ಕೊಡದೆ ಸುಮ್ನೆ ಕೂರಿಸಿದಂತಾಯಿತು ಅಂತ ಹೇಳಬೇಕೆನಿಸುತ್ತದೆ, ಇರಲಿ. ಅದರ ಜೊತೆ ಅನ್ನ, ಗಂಜಿ ಜಾಸ್ತಿಯಾಗಿ ಸಕ್ಕರೆಯೂ ಏರಿತು.

ವಿಶ್ರಾಂತಿ ಅಂತ ಜಗಲಿಯ ಕುರ್ಚಿಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕೂತಿದ್ದರು. ಅದೂ ಒಂದು ತೊಂದರೆ ಅಂತ ಯಾರಿಗೂ ಹೊಳೆದಿರಲಿಲ್ಲ.

ನಾವು ನೋಡಿದ್ದು

ಮಾರ್ಚ್ ಮೂರನೇ ವಾರ. ಗಾಯ 5.5 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಮೊದಲ ದಿನದ ಚೀಟಿಯಲ್ಲಿ 6 ಮತ್ತು 4 ಅಂತ ಇತ್ತು. ಮೇಲೆ ಕಂದು ಬಣ್ಣದ ಗಟ್ಟಿ ಹಕ್ಕಳೆ, ಒಂದು ಬದಿಯಲ್ಲಿ ಅದು ಎದ್ದ ಕಡೆ ಹಳದಿ ಲೋಳೆಯಂಥ ಪದರ. ಅಂಚುಗಳು ಒಳಕ್ಕೆ ಸುತ್ತಿಕೊಂಡಿದ್ದವು. ಅಂಚಿನ ಕೋಶಗಳಿಗೆ ಮುಂದೆ ಹೋಗಲು ದಾರಿ ಸಿಗದಿದ್ದಾಗ ಹೀಗೆ ಸುತ್ತಿಕೊಳ್ಳುತ್ತವೆ.

ಹಳದಿ ಕಂಡ ಕೂಡಲೇ ಕೀವು ಅಂದುಕೊಳ್ಳಬಾರದು. ಇದು ಸತ್ತ ಕೋಶ, ಫೈಬ್ರಿನ್ ಸೇರಿದ ಪದರ. ಕೀವಾಗಿದ್ದರೆ ಸುತ್ತ ಕೆಂಪು ಹರಡುತ್ತಿರಬೇಕು, ಬಿಸಿ ಇರಬೇಕು, ನೋವು ದಿನದಿಂದ ದಿನಕ್ಕೆ ಏರಬೇಕು, ವಾಸನೆ, ಜ್ವರ ಬರಬಹುದು. ಇವರಲ್ಲಿ ಅವು ಇರಲಿಲ್ಲ. ಹಾಗಾಗಿ ಡಾಕ್ಟರು ಮತ್ತೆ ಆ್ಯಂಟಿಬಯಾಟಿಕ್ ಬರೆಯಲಿಲ್ಲ. ಸಕ್ಕರೆ ಇರುವವರಲ್ಲಿ ಈ ಲಕ್ಷಣಗಳು ಮಂಕಾಗಿ ಕಾಣಬಹುದು ಅನ್ನುವುದು ನೆನಪಿಟ್ಟುಕೊಂಡೇ ಈ ಮಾತು. ಅದಕ್ಕೇ ಎಕ್ಸ್‌ರೇ ಮಾಡಿಸಿ ಮೂಳೆ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡರು.

ಪಾದ, ಕಣಕಾಲು ಊದಿದ್ದವು. ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ನಿಲ್ಲುತ್ತಿತ್ತು. ಖಾಲಿ ಹೊಟ್ಟೆಯ ಸಕ್ಕರೆ 214. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.8. ಎರಡೂ ಜಾಸ್ತಿ. ಪಾದದ ಸ್ಪರ್ಶ ಚೆನ್ನಾಗಿತ್ತು.

ಮಾಯುವ ಕೆಲಸ ಎಲ್ಲಿ ನಿಂತಿತ್ತು ಅಂತ ಈಗ ಹೇಳಬಹುದು. ಪೆಟ್ಟಾದ ಕೆಲವೇ ಗಂಟೆಯಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಗಾಯಕ್ಕೆ ಬರುತ್ತವೆ, ಒಂದೆರಡು ದಿನದಲ್ಲಿ ಅವುಗಳ ಸಂಖ್ಯೆ ತುದಿ ಮುಟ್ಟುತ್ತದೆ. ಮೂರನೇ ದಿನದ ಹೊತ್ತಿಗೆ ಮ್ಯಾಕ್ರೋಫೇಜ್ ಅನ್ನುವ ಇನ್ನೊಂದು ಬಗೆಯ ಬಿಳಿಕಣಗಳದ್ದೇ ಮೇಲುಗೈ. ಅವು ರೋಗಾಣು, ಸತ್ತ ಕೋಶ ತಿಂದು ಜಾಗ ಖಾಲಿ ಮಾಡುತ್ತವೆ, ಮತ್ತು ಕಟ್ಟುವ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳನ್ನು ಕರೆಯುತ್ತವೆ. ಮೊದಲ ದಿನಗಳ ಕೆಂಪು, ಊತ, ಬಿಸಿ ಇದರದ್ದೇ. ಇದು ಬೇಕಾದ ಹಂತ, ಆದರೆ ಮುಗಿಯಬೇಕು. ಇವರಲ್ಲಿ ಮುಗಿಯಲಿಲ್ಲ. ಸಕ್ಕರೆ ಜಾಸ್ತಿ ಇದ್ದರೆ ಬಿಳಿಕಣಗಳು ಚುರುಕಾಗಿ ಕೆಲಸ ಮಾಡುವುದಿಲ್ಲ. ಮೇಲಿಂದ ದಿನಾ ಪೆರಾಕ್ಸೈಡ್ ಹೊಸ ಪೆಟ್ಟು ಕೊಡುತ್ತಿತ್ತು. ಮೂರು ವಾರದ ಗಾಯ ಮೂರನೇ ದಿನದಲ್ಲೇ ಕೂತಿತ್ತು.

ಮಾಡಿದ್ದೇನು

ಮೊದಲು ಹಾಸನದ ಸರ್ಜನ್ ಹತ್ತಿರ ಕಳಿಸಿದರು. ಊತ ಇಳಿಸಲು ಕಾಲಿಗೆ ಬ್ಯಾಂಡೇಜ್ ಬಿಗಿಯಬೇಕಿತ್ತು. ಆದರೆ ಬೀಡಿ ಸೇದುವ, ಸಕ್ಕರೆ ಇರುವ ಮನುಷ್ಯ. ರಕ್ತನಾಳ ಕಿರಿದಾಗಿರುವ ಕಾಲಿಗೆ ಬಿಗಿದು ಕಟ್ಟಿದರೆ ಇರುವ ರಕ್ತವೂ ನಿಂತು ಕಾಲೇ ಹೋಗಬಹುದು. ಪಾದದ ನಾಡಿ ನೋಡಿ, ಕಾಲು ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ, ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ ಡಾಪ್ಲರ್ ಯಂತ್ರದಲ್ಲಿ ಹರಿವು ಕೇಳಿದರು. ಸಕ್ಕರೆ ಇರುವವರಲ್ಲಿ ನಾಳ ಗಟ್ಟಿಯಾಗಿ ಬರೀ ಒತ್ತಡದ ಲೆಕ್ಕ ಸುಳ್ಳೇ ಚೆನ್ನಾಗಿ ಕಾಣುವುದುಂಟು, ಅದಕ್ಕೇ ಮೂರನ್ನೂ ನೋಡುವುದು. ರಕ್ತ ಚೆನ್ನಾಗಿ ಹರಿಯುತ್ತಿತ್ತು. ಮನೆಯಲ್ಲಿ ಯಾರೋ ಹೇಳಿದರು ಅಂತ ಊದಿದ ಕಾಲಿಗೆ ಬ್ಯಾಂಡೇಜ್ ಬಿಗಿಯುವವರು ಈ ಒಂದು ಸಾಲನ್ನು ಎರಡು ಸಲ ಓದಲಿ.

ಸರ್ಜನ್ ಹಕ್ಕಳೆ ಮೆತ್ತಗೆ ಮಾಡಿ ತೆಗೆದು, ಹಳದಿ ಪದರ ಕೆರೆದು, ಸುತ್ತಿಕೊಂಡ ಅಂಚನ್ನು ಸವರಿದರು. ಮನೆಗೆ ಬಂದು ನೋಡಿದರೆ ಗಾಯ ದೊಡ್ಡದಾಗಿದೆ! 6.2 ಮತ್ತು 4.6. ಮನೆಯವರು ಗಾಬರಿ. ಇದು ಮುಂಚೆಯೇ ಹೇಳಬೇಕಾದ ಮಾತು: ಸತ್ತದ್ದನ್ನು ತೆಗೆದ ಮೇಲೆ ಗಾಯ ಮೊದಲು ದೊಡ್ಡದಾಗಿಯೇ ಕಾಣುತ್ತದೆ. ಅಲ್ಲಿಂದ ನಿಜವಾದ ಅಳತೆ ಶುರು.

ಪೆರಾಕ್ಸೈಡ್ ನಿಂತಿತು. ತೊಳೆಯಲು ಬರೀ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪಿನ ನೀರು. ಅದಿಲ್ಲದಿದ್ದರೆ ಕುದಿಸಿ ಆರಿಸಿದ ನೀರು ಸಾಕು. ಮೇಲೆ ಅಂಟಿಕೊಳ್ಳದ ಪ್ಯಾರಾಫಿನ್ ಗಾಜ್, ಅದರ ಮೇಲೆ ಹೀರುವ ಪ್ಯಾಡ್, ಕಾಲ್ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಕ್ರೇಪ್ ಬ್ಯಾಂಡೇಜ್. ದಿನಾ ಬಿಚ್ಚುವ ಹಾಗಿಲ್ಲ, ಎರಡು ಮೂರು ದಿನಕ್ಕೊಮ್ಮೆ ಮಾತ್ರ. ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ದಿನಾ ಬಿಚ್ಚಿ ನೋಡದಿದ್ದರೆ ಆರೈಕೆ ಮಾಡಿಲ್ಲ ಅನ್ನುವ ಭಾವನೆ ನಮ್ಮ ಜನಕ್ಕೆ. ಸತ್ಯ ಏನೆಂದರೆ ಪ್ರತಿ ಸಲ ಬಿಚ್ಚಿದಾಗ ಗಾಯ ತಣ್ಣಗಾಗುತ್ತದೆ, ಕೋಶಗಳು ಮತ್ತೆ ಚುರುಕಾಗಲು ಹೊತ್ತು ಬೇಕು.

ಬಾಳೆಲೆ ಕಟ್ಟಬಹುದಾ ಅಂತ ಯಜಮಾನರ ಹೆಂಡತಿ ಕೇಳಿದರು. ಪ್ರಶ್ನೆ ತಮಾಷೆಯದ್ದಲ್ಲ. ಮುಂಬೈಯ ವೈದ್ಯರು ಸುಟ್ಟ ಗಾಯಕ್ಕೆ ಶುದ್ಧೀಕರಿಸಿದ ಬಾಳೆಲೆಯ ಡ್ರೆಸ್ಸಿಂಗ್ ಬಳಸಿ 2003ರಲ್ಲಿ ವರದಿ ಪ್ರಕಟಿಸಿದ್ದಾರೆ. ಅದಕ್ಕೂ ಮುಂಚೆ, 1985ರಲ್ಲಿ, ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಡ್ರೆಸ್ಸಿಂಗ್ ಬಗ್ಗೆಯೂ ಮುಂಬೈಯಿಂದಲೇ ವರದಿ ಬಂದಿತ್ತು. ಆಲೂಗಡ್ಡೆಗೆ ಹೆಸರಾದ ಹಾಸನದವರಿಗೆ ಇದು ಕೇಳಲು ಖುಷಿ. ಎರಡೂ ಅಂಟುವುದಿಲ್ಲ, ತೇವ ಉಳಿಸುತ್ತವೆ. ಆದರೆ ಅದು ಆಸ್ಪತ್ರೆಯಲ್ಲಿ ಶುದ್ಧೀಕರಿಸಿದ ಎಲೆ, ಹಿತ್ತಿಲಿಂದ ಕೊಯ್ದು ತಂದದ್ದಲ್ಲ. ಬೇಡ ಅಂದೆ.

ಸಕ್ಕರೆಗೆ ಡಾಕ್ಟರು ಕೆಲವು ವಾರ ಇನ್ಸುಲಿನ್ ಕೊಟ್ಟರು. ಕಿಡ್ನಿ ಪರೀಕ್ಷೆ ಮಾಡಿಸಿ, ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ಊಟ ಬದಲಾಯಿತು. ದಿನಕ್ಕೆ ಎರಡು ಮೊಟ್ಟೆ, ಮೊಳಕೆ ಹೆಸರುಕಾಳು, ಹುರುಳಿ, ಮೊಸರು, ವಾರದಲ್ಲಿ ಕೆಲವು ದಿನ ಮೀನು. ಅನ್ನ ಕಡಿಮೆ. ಸೀಬೆಹಣ್ಣು, ನೆಲ್ಲಿಕಾಯಿ ಹಿತ್ತಿಲಲ್ಲೇ ಇದ್ದವು. ಹೊಸ ಮಾಂಸಕ್ಕೆ ಬಲ ಕೊಡುವುದು ಕೊಲಾಜನ್ ಅನ್ನುವ ಪ್ರೋಟೀನಿನ ಎಳೆ, ವಿಟಮಿನ್ ಸಿ ಇಲ್ಲದೆ ಅದು ಗಟ್ಟಿಯಾಗುವುದಿಲ್ಲ. ಅತ್ತೆಯವರು ಮಾತ್ರ ಕೊನೆವರೆಗೂ ಒಪ್ಪಲಿಲ್ಲ. "ಮೊಟ್ಟೆ ತಿಂದ್ರೆ ನಂಜಾಗಲ್ವೇನಮ್ಮ?" ಅಂತ ಪ್ರತಿ ಸಲ ಕೇಳುತ್ತಿದ್ದರು. "ಅಜ್ಜಿ, ಗಾಯ ನೋಡಿ, ನೀವೇ ಹೇಳಿ" ಅಂತ ಬಿಟ್ಟುಬಿಡುತ್ತಿದ್ದೆ.

ಎರಡನೇ ವಾರದ ಹೊತ್ತಿಗೆ ತಳ ಕೆಂಪಗೆ, ಸಣ್ಣ ಹರಳು ಹರಳಾಗಿ ತುಂಬಿಕೊಂಡಿತು. ಇದು ಹೊಸ ರಕ್ತನಾಳ ಮತ್ತು ಕೊಲಾಜನ್ ಸೇರಿದ ಹೊಸ ಮಾಂಸ. ಮುಟ್ಟಿದರೆ ಬೇಗ ರಕ್ತ ಜಿನುಗುತ್ತದೆ, ಆದರೆ ನೋವು ಕಡಿಮೆ. ಅಂಚು ಚಪ್ಪಟೆಯಾಗಿ, ಸುತ್ತಲೂ ತೆಳು ಗುಲಾಬಿ ಗೆರೆ ಕಂಡಿತು. ಆ ಗೆರೆಯೇ ಹೊಸ ಚರ್ಮ. ತರಚಿದ ಗಾಯವಾಗಿದ್ದರೆ ನಡುವೆ ಉಳಿದ ಕೂದಲ ಬುಡಗಳಿಂದಲೂ ಚರ್ಮ ಹುಟ್ಟಿ ಬೇಗ ಮುಚ್ಚುತ್ತದೆ. ಇದು ಆಳದ ಗಾಯ, ಬುಡಗಳೇ ಹೋಗಿದ್ದವು. ಅಂಚಿನಿಂದ ಮಾತ್ರ ಬರಬೇಕು. ಹೊಟ್ಟೆಯ ಮೇಲೋ ಪೃಷ್ಠದ ಮೇಲೋ ಆಗಿದ್ದರೆ ಗಾಯವೇ ಸುತ್ತಲಿನ ಸಡಿಲ ಚರ್ಮವನ್ನು ಎಳೆದುಕೊಂಡು ಕುಗ್ಗುತ್ತಿತ್ತು. ಕಣಕಾಲಿನಲ್ಲಿ ಆ ಅನುಕೂಲವೂ ಕಡಿಮೆ.

ಸರ್ಜನ್ ಚರ್ಮ ಕಸಿಯ ಮಾತೂ ಎತ್ತಿದ್ದರು. ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕೆ ಇಳಿಯದಿದ್ದರೆ ಮಾಡೋಣ ಅಂದಿದ್ದರು. ಕಸಿ ಮಾಡಿದ್ದರೆ ಬೇಗ ಮುಚ್ಚುತ್ತಿತ್ತು, ನಿಜ. ಆದರೆ ತೊಡೆಯಿಂದ ಚರ್ಮ ತೆಗೆದ ಜಾಗ ಇನ್ನೊಂದು ಗಾಯ. ಹಾಳೆ ಇಟ್ಟು ಗೆರೆ ಎಳೆದು ಲೆಕ್ಕ ಹಾಕಿದರೆ ಗಾಯ ಅರ್ಧಕ್ಕಿಂತ ಸ್ವಲ್ಪ ಕೆಳಗೇ ಬಂದಿತ್ತು. ಕಾಯುವುದು ಅಂತಾಯಿತು.

ಸುಗ್ಗಿಯ ವಾರ

ಏಪ್ರಿಲ್‌ನಲ್ಲಿ ಊರ ಸುಗ್ಗಿ. ದೇವರ ಮುಂದೆ ಬ್ಯಾಂಡೇಜ್ ಬೇಡ ಅಂತ ಬಿಚ್ಚಿಟ್ಟು, ಬರಿಗಾಲಲ್ಲಿ ರಾತ್ರಿಯಿಡೀ ನಿಂತರು. ಮಾರನೇ ದಿನ ಕಾಲು ಕಂಬ. ಗಾಯದಿಂದ ನೀರು ಸುರಿದು ಪ್ಯಾಡ್ ತೊಯ್ದಿತ್ತು, ಗುಲಾಬಿ ಗೆರೆ ಒಂದು ಬದಿಯಲ್ಲಿ ಬಿಳುಚಿ ಕರಗಿತ್ತು. ಊತ ಇದ್ದಾಗ ಕೋಶಗಳ ನಡುವೆ ನೀರು ತುಂಬಿ, ರಕ್ತದಿಂದ ಆಮ್ಲಜನಕ ಕೋಶಕ್ಕೆ ತಲುಪುವ ದೂರ ಹೆಚ್ಚುತ್ತದೆ. ಅವರು ಮುಲಾಮು ಬದಲಿಸಿರಲಿಲ್ಲ, ಊಟ ಬದಲಿಸಿರಲಿಲ್ಲ, ಸಕ್ಕರೆ ಏರಿರಲಿಲ್ಲ. ಬದಲಾದದ್ದು ಬ್ಯಾಂಡೇಜ್ ಇಲ್ಲದೆ ರಾತ್ರಿಯಿಡೀ ನಿಂತದ್ದು ಮಾತ್ರ. ಇಡೀ ಪ್ರಕರಣದಲ್ಲಿ ಯಾವುದರ ಕೈ ಎಷ್ಟು ಅಂತ ಇಷ್ಟು ಸ್ಪಷ್ಟವಾಗಿ ಕಂಡದ್ದು ಈ ವಾರದಲ್ಲೇ. ಮತ್ತೆ ಕಟ್ಟಿ, ಮಲಗಿದಾಗ ಕಾಲನ್ನು ಎದೆಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಟ್ಟು, ಹಿಂದಿನ ಸ್ಥಿತಿಗೆ ತರಲು ವಾರಕ್ಕೂ ಜಾಸ್ತಿ ಹಿಡಿಯಿತು.

ಮುಚ್ಚಿದ ಮೇಲೆ

ಜೂನ್ ಮೊದಲ ವಾರದಲ್ಲಿ ಗಾಯ ಪೂರ್ತಿ ಮುಚ್ಚಿತು. ಎರಡು ಕಡೆಯಿಂದ ಬಂದ ಕೋಶಗಳು ಒಂದನ್ನೊಂದು ಮುಟ್ಟಿದ ಮೇಲೆ ತೆವಳುವುದನ್ನು ನಿಲ್ಲಿಸಿ ಪದರ ಪದರವಾಗಿ ದಪ್ಪವಾಗುತ್ತವೆ. ಯಜಮಾನರು ಮಾರನೇ ದಿನವೇ ತೋಟಕ್ಕೆ ಹೊರಟರು. ತಡೆದೆವು.

ಮುಚ್ಚಿದ ಗಾಯ ಗಟ್ಟಿಯಾದ ಗಾಯ ಅಲ್ಲ. ಹೊಸ ಕಲೆಯ ಬಲ ಮೊದಲ ವಾರದಲ್ಲಿ ಮಾಮೂಲಿ ಚರ್ಮದ ಶೇ. 3ರಷ್ಟು, ಮೂರು ವಾರಕ್ಕೆ ಶೇ. 20ರಿಂದ 30, ಮೂರು ತಿಂಗಳಿಗೆ ಸುಮಾರು ಶೇ. 80. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಮೊದಲು ಅವಸರದಲ್ಲಿ ಹಾಕಿದ ಕೊಲಾಜನ್ ತೆಗೆದು ಬೇರೆ ಬಗೆಯ ಗಟ್ಟಿ ಕೊಲಾಜನ್ ಹಾಕುವ ಕೆಲಸ ಒಂದು ವರ್ಷ, ಅದಕ್ಕೂ ಮೇಲೆ ನಡೆಯುತ್ತದೆ. ಕಲೆಯೊಳಗೆ ಈ ಕೆಡವಿ ಕಟ್ಟುವ ಕೆಲಸ ಪೂರ್ತಿ ನಿಲ್ಲುವುದೇ ಇಲ್ಲ ಅನ್ನುವುದಕ್ಕೆ ಒಂದು ಹಳೇ ಸಾಕ್ಷಿ ಇದೆ. 1740ರ ದಶಕದಲ್ಲಿ ಆ್ಯನ್ಸನ್ ಅನ್ನುವ ಬ್ರಿಟಿಷ್ ನೌಕಾಧಿಕಾರಿಯ ಹಡಗಿನಲ್ಲಿ ವಿಟಮಿನ್ ಸಿ ಕೊರತೆಯ ಸ್ಕರ್ವಿ ಬಂತು. ಅದರಲ್ಲಿದ್ದ ಒಬ್ಬ ಮುದುಕನಿಗೆ 1690ರ ಯುದ್ಧದಲ್ಲಿ ಆದ, 50 ವರ್ಷದ ಹಿಂದೆ ವಾಸಿಯಾದ ಗಾಯಗಳು ಮತ್ತೆ ಬಾಯಿ ಬಿಟ್ಟವಂತೆ.

ಮಳೆಗಾಲ ಶುರುವಾಗಿತ್ತು. ಗಮ್‌ಬೂಟಿನ ಮೇಲಂಚು ಸರಿಯಾಗಿ ಕಲೆಯ ಮೇಲೇ ಉಜ್ಜುತ್ತಿತ್ತು, ಹಾಗಾಗಿ ಮೊಣಕಾಲಿನವರೆಗೆ ಬರುವ ಬೂಟು ತೆಗೆದುಕೊಂಡರು. ಇಂಬಳ ಕಚ್ಚಿದರೆ ಕಿತ್ತು ಕೆರೆಯಬೇಡಿ ಅಂತ ಹೇಳಿದ್ದೇನೆ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪಾಗದಂತೆ ಮಾಡುವ ಅಂಶ ಇರುವುದರಿಂದ ತುಂಬಾ ಹೊತ್ತು ಸೋರುತ್ತದೆ. ತುರಿಕೆ ಇದೆ, ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಜುಲೈ ಕೊನೆಯ ಎಚ್‌ಬಿಎ1ಸಿ 7.6. ಬೀಡಿ ದಿನಕ್ಕೆ ನಾಲ್ಕಕ್ಕೆ ಇಳಿಸಿದ್ದೇನೆ ಅಂತ ಯಜಮಾನರು ಹೇಳುತ್ತಾರೆ. ಮನೆಯವರ ಲೆಕ್ಕ ಬೇರೆ ಇದೆ.